ಸಂಜೆ ಅರಳುವ ಹೂವು

"ಗೊಡ್ಡು ಬಳ್ಳಿ ಕಣ್ರೀ ಇದು. ಕಿತ್ತು ಬೆಂಡೆ ಹಾಕಿದ್ರಾಯ್ತು."

ಯುಗಾದಿಯ ಮಾರನೆಯ ಬೆಳಿಗ್ಗೆ ತಾರಸಿಯಲ್ಲಿ ಕೆಳಮನೆಯ ಅಮ್ಮ ಹೀಗೆಂದಾಗ ಅವರ ಸೊಸೆ ಪುದೀನಕ್ಕೆ ನೀರು ಬಿಡುತ್ತಿದ್ದಳು. ಮದುವೆಯಾಗಿ ಆರು ವರ್ಷ. ಹೋಗಿ ನಲ್ಲಿ ನಿಲ್ಲಿಸಿದಳು, ಅಷ್ಟೆ. ಪುದೀನದ ಕುಂಡ ಇನ್ನೂ ಅರ್ಧ ನೆನೆದಿರಲಿಲ್ಲ.

ಬಳ್ಳಿ ಹೀರೆಯದು. ಸಂಕ್ರಾಂತಿ ಕಳೆದ ಮೇಲೆ ಬಿತ್ತಿದ್ದು, ಚಪ್ಪರ ತುಂಬ ಹಬ್ಬಿದೆ, ಎಲೆ ಕಡುಹಸಿರು, ಗೊಂಚಲು ಗೊಂಚಲು ಹಳದಿ ಹೂ, ಒಂದೂ ಕಾಯಿಲ್ಲ. ಗೊಂಚಲಲ್ಲಿ ಬರುವುದು ಗಂಡು ಹೂ. ಹೆಣ್ಣು ಹೂ ಒಂಟಿ. ಅದರ ಬುಡದಲ್ಲಿ ಕಿರುಬೆರಳಿನಷ್ಟು ಹೀಚು, ಏಣುಗಳ ಸಮೇತ, ಮೊಗ್ಗಿನಲ್ಲೇ ಕಾಣುತ್ತದೆ. ಹೀರೆ ಮೊದಲು ಗಂಡು ಹೂಗಳನ್ನೇ ಬಿಡುತ್ತದೆ. ವಾರ, ಹತ್ತು ದಿನ ಬಿಟ್ಟು ಹೆಣ್ಣು. ಬಿಸಿಲು ಏರಿದರೆ, ಸಾರಜನಕ ಹೆಚ್ಚಾದರೆ ಗಂಡು ಹೂಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಇವರು ವಾರಕ್ಕೆರಡು ಸಲ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕುತ್ತಿದ್ದರು. ಪ್ರೀತಿಯಿಂದಲೇ. ಆ ಅಮ್ಮನ ಪ್ರೀತಿಯೆಲ್ಲ ಹೀಗೇ, ಬೇಕಾದ್ದಕ್ಕಿಂತ ಒಂದು ಸೌಟು ಜಾಸ್ತಿ.

ಎಲೆ ಸರಿಸಿ ನೋಡಿದರೆ ಹೆಣ್ಣು ಹೂ ಮೂರಿದ್ದವು. ನೆಲದ ಮೇಲೆ ಹಳದಿಯಾಗಿ ಉದುರಿದ ಹೀಚುಗಳೂ ಇದ್ದವು. ಅಂದರೆ ಬಳ್ಳಿ ತನ್ನ ಕೆಲಸ ಮಾಡಿತ್ತು, ಪರಾಗ ತಲುಪಿರಲಿಲ್ಲ. ಸೌತೆ, ಹಾಗಲ, ಕುಂಬಳ, ತುಪ್ಪದಹೀರೆ ಬೆಳಿಗ್ಗೆ ಅರಳುತ್ತವೆ, ಜೇನುನೊಣ ಬರುತ್ತದೆ. ಹತ್ತಿರ ಚೆಂಡುಹೂವೋ ಕದಿರು ಬಿಟ್ಟ ತುಳಸಿಯೋ ಇದ್ದರೆ ಇನ್ನೂ ಚೆನ್ನ. ಆದರೆ ಹೀರೆ, ಸೋರೆ ಅರಳುವುದು ಸಂಜೆ. ನಾಲ್ಕನೇ ಮಹಡಿಗೆ ಆ ಹೊತ್ತಿನಲ್ಲಿ ಯಾವ ಜೇನು ಬರಬೇಕು? ಪತಂಗ ಬಂದರೆ ಪುಣ್ಯ.

"ಗೊಡ್ಡು." ಹಸುವಿಗೂ ಇದೇ ಮಾತು, ಮರಕ್ಕೂ ಇದೇ, ಬೇಳೆಯಿಲ್ಲದ ಸಾರಿಗೂ ಇದೇ. ಹೆಂಗಸಿಗೆ ಅಂದರಂತೂ ಎದೆಗೇ ನಾಟುತ್ತದೆ. ಗಂಡು ಹೂ ನೂರು ಬಂದು ಉದುರಿದರೂ ಬೈಗುಳ ಬಳ್ಳಿಯ ಪಾಲಿಗೆ. ಆಕೆ ಸೊಸೆಯನ್ನು ಉದ್ದೇಶಿಸಿ ಅಂದದ್ದಲ್ಲ, ಅದು ಖಂಡಿತ. ನಾಲಿಗೆಯ ಮೇಲೆ ಕೂತಿದ್ದ ಪದ ಜಾರಿತು. ಆದರೂ ನಲ್ಲಿ ನಿಲ್ಲಿಸಿದ ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

"ಅಮ್ಮ, ವಾರ ತಡೀರಿ" ಎಂದೆ. ಹಿಂಡಿ ನೀರು ನಿಲ್ಲಿಸಿದ್ದಾಯಿತು. ಬುಡಕ್ಕೆ ಒಂದು ಹಿಡಿ ಸೌದೆ ಬೂದಿ, ಮೇಲೆ ಎರಡು ಇಂಚು ಒಣಎಲೆಯ ಹೊದಿಕೆ. ಮುಖ್ಯ ಬಳ್ಳಿಯ ತುದಿ ಚಿವುಟಿದ್ದು ಕೂಡ ಆಯಿತು, ಹೆಣ್ಣು ಹೂ ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ ಬರುವುದರಿಂದ. ಇದನ್ನು ಆರೆಂಟು ಎಲೆ ಇದ್ದಾಗಲೇ ಮಾಡಬೇಕಿತ್ತು. ಬೆಂಡೆಗೆ ಬೇರೆ ಕುಂಡ: ಬೀಜ ರಾತ್ರಿ ನೆನೆಸಿ, ಅರ್ಧ ಇಂಚು ಆಳ, ಹನ್ನೆರಡು ಇಂಚಿನ ಕುಂಡಕ್ಕೆ ಒಂದೇ ಗಿಡ. ಕೊತ್ತಂಬರಿಗೆ ಈ ಬಿಸಿಲು ಆಗದು, ಬೇಗ ಹೂವಿಗೆ ತಿರುಗುತ್ತದೆ. ಹಾಕಲೇಬೇಕೆಂದರೆ ನೆರಳಲ್ಲಿ, ಬೀಜವನ್ನು ತಿಕ್ಕಿ ಎರಡು ಹೋಳು ಮಾಡಿ.

ಸಂಜೆ ಆರಕ್ಕೆ ಸೊಸೆ ಒಬ್ಬಳೇ ಮೇಲೆ ಬಂದಳು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಅಂಟಂಟು ತುದಿಗೆ ಮೆಲ್ಲಗೆ ಸವರಬೇಕು. ಜೋರಾಗಿ ಉಜ್ಜಿದರೆ ತುದಿ ಕೆಡುತ್ತದೆ. ಮೂರೂ ಹೂವಿಗೆ ಅವಳೇ ಸವರಿದಳು, ಉಸಿರು ಬಿಗಿಹಿಡಿದು.

ನಾಲ್ಕು ದಿನಕ್ಕೆ ಎರಡು ಹೀಚು ಕತ್ತು ಬಾಗಿಸಿ ಉದ್ದವಾಗಿದ್ದವು. ಮೂರನೆಯದು ಉದುರಿತ್ತು. ಹಣ್ಣುನೊಣ ಕುಕ್ಕದಂತೆ ಎರಡಕ್ಕೂ ಹಳೆಯ ಪಂಚೆಯ ಬಟ್ಟೆಯ ಚೀಲ ಕಟ್ಟಿದ್ದಾಯಿತು. ಇನ್ನು ನಾಲ್ಕೈದು ದಿನಕ್ಕೆ ಕೊಯ್ಯಬೇಕು, ಬಿಟ್ಟರೆ ನಾರು.

"ನೋಡಿ, ಬೂದಿ ಹೇಗೆ ಕೆಲಸ ಮಾಡ್ತು!" ಅಂದರು ಅಮ್ಮ.

ಸೊಸೆ ಅತ್ತೆಯ ಕಡೆ ನೋಡಲಿಲ್ಲ. ಪೈಪಿನ ಸುರುಳಿ ಬಿಚ್ಚುತ್ತ, "ಸೋರೆಗೂ ಸಂಜೆನೇ ಅಲ್ವಾ?" ಎಂದು ಕೇಳಿದಳು.