ಕಾರಿಲ್ಲದ ದ್ವೀಪದಲ್ಲಿ ಒಂದು ಫಿಯೆಟ್

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಟ್ಯಾಕ್ಸಿಗಳು ಮುಂಬೈ ಟ್ಯಾಕ್ಸಿಗಳ ಹಾಗೇ ಹಳದಿ-ಕಪ್ಪು. ಹತ್ತುವ ಮೊದಲೇ ಚೌಕಾಸಿ ಮುಗಿಸಬೇಕು. ನನಗೆ ಫ್ರೆಂಚ್ ಬಾರದು. ಬೆರಳು ಎಣಿಸಿ, ತಲೆ ಅಲ್ಲಾಡಿಸಿ ಹೇಗೋ ಬಂದರು ಸೇರಿದೆ. ಅಲ್ಲಿಂದ ಗೋರೆ ದ್ವೀಪಕ್ಕೆ ದೋಣಿಯಲ್ಲಿ 20 ನಿಮಿಷ.

ಎಲ್ಲರೂ ಇಲ್ಲಿಗೆ ಬರುವುದು ಗುಲಾಮರ ಮನೆ ನೋಡಲು, ಗುಲಾಮರ ವ್ಯಾಪಾರದ ನೆನಪಿಗೆ ಉಳಿಸಿಕೊಂಡ ಮ್ಯೂಸಿಯಂ ಅದು. ನಾನೂ ನೋಡಿದೆ, ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ. ನಾನು ಹುಡುಕಿ ಬಂದದ್ದು ಸೆನೆಗಲ್‌ನ ಲೇಖಕಿ ಮರಿಯಮಾ ಬಾ ಹೆಸರಿನ ಶಾಲೆಯನ್ನು. ದೇಶಕ್ಕೆಲ್ಲ ಪರೀಕ್ಷೆ ಇಟ್ಟು ಆರಿಸಿದ ಹುಡುಗಿಯರು ಅಲ್ಲೇ ಉಳಿದು ಓದುತ್ತಾರೆ.

ಈ ಹೆಸರು ಸುಮ್ನೆ ಇಟ್ಟದ್ದಲ್ಲ. 1929ರಲ್ಲಿ ಡಕಾರ್‌ನಲ್ಲಿ ಹುಟ್ಟಿದ ಮರಿಯಮಾ ಅವರನ್ನು ಸಾಕಿದ್ದು ಅಜ್ಜ-ಅಜ್ಜಿ. ಹೆಣ್ಣುಮಗುವಿಗೆ ಇಷ್ಟು ಓದು ಸಾಕು ಅನ್ನುವುದು ಅವರ ಮಾತು. ಅಪ್ಪ ಕೇಳಲಿಲ್ಲ. ಮಗಳು ರೂಫಿಸ್ಕ್‌ನ ಶಿಕ್ಷಕಿಯರ ತರಬೇತಿ ಶಾಲೆ ಸೇರಿ, ಮೇಷ್ಟ್ರಾಗಿ 12 ವರ್ಷ ಪಾಠ ಮಾಡಿದರು. ಒಂಬತ್ತು ಮಕ್ಕಳು, ಆಮೇಲೆ ವಿಚ್ಛೇದನ. ಮೊದಲ ಕಾದಂಬರಿ 'ಸೋ ಲಾಂಗ್ ಎ ಲೆಟರ್' ಫ್ರೆಂಚ್‌ನಲ್ಲಿ ಬಂದಾಗ 1979, ವಯಸ್ಸು 50. ಮರುವರ್ಷ ಆಫ್ರಿಕಾದ ಪುಸ್ತಕಗಳಿಗೆ ಕೊಡುತ್ತಿದ್ದ ನೋಮಾ ಪ್ರಶಸ್ತಿ, ಅದೂ ಮೊಟ್ಟಮೊದಲನೆಯದು. 1981ರಲ್ಲಿ ತೀರಿಕೊಂಡರು. ಎರಡನೇ ಕಾದಂಬರಿ ಅಚ್ಚಾದದ್ದನ್ನು ಅವರು ನೋಡಲಿಲ್ಲ.

ಶಾಲೆಯ ಗೇಟು ಹಾಕಿತ್ತು. ಕಾವಲುಗಾರ ನಗುತ್ತಲೇ ಕೈ ಅಡ್ಡ ಮಾಡಿದ. ಮೊದಲೇ ಕೇಳಿಕೊಂಡು ಬರಬೇಕಿತ್ತು, ತಪ್ಪು ನನ್ನದೇ.

ಪಕ್ಕದ ಗೋಡೆಯ ನೆರಳಲ್ಲಿ ಕೂತು 'ಸೋ ಲಾಂಗ್ ಎ ಲೆಟರ್' ತೆರೆದೆ. ಗಂಡ ಸತ್ತ ರಮತುಲಾಯಿ ಸೂತಕದ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತು ಗೆಳತಿ ಐಸ್ಸಾತುಗೆ ಬರೆಯುವ ಪತ್ರ ಅದು. ಆ ಗಂಡ ಬದುಕಿದ್ದಾಗಲೇ ಮಗಳ ಗೆಳತಿಯನ್ನು ಮದುವೆಯಾಗಿ ಹೋಗಿದ್ದವನು. ನನಗೆ ಇಷ್ಟದ ಭಾಗ ಕಾರಿನದು. ಮಕ್ಕಳ ಜೊತೆ ಬಸ್ಸಿಗೆ ಕಾಯುವವಳಿಗೆ ಗೆಳತಿ ತನ್ನ ದುಡಿಮೆಯಲ್ಲಿ ಫಿಯೆಟ್ 125 ಕೊಡಿಸುತ್ತಾಳೆ. ಇವಳಿಗೋ ಸ್ಟೇರಿಂಗ್ ಹಿಡಿಯಲೂ ಭಯ. ಆದರೂ ಕಲಿತು ಲೈಸೆನ್ಸ್ ತಗೊಳ್ಳುತ್ತಾಳೆ. ಗೋಳು ಕೇಳಿ ಸಮಾಧಾನ ಹೇಳುವ ಗೆಳತಿಯರು ಬೇಕಾದಷ್ಟು ಸಿಗುತ್ತಾರೆ, ಕಾರು ಕೊಡಿಸುವವರು ಎಲ್ಲಿ ಸಿಗ್ತಾರೆ, ಅಲ್ವಾ?

ನಾನು ಇದನ್ನು ಓದುತ್ತಿದ್ದ ದ್ವೀಪದಲ್ಲಿ ಕಾರೇ ಇಲ್ಲ. ಓಣಿಯಲ್ಲಿ ಒಬ್ಬ ಹುಡುಗ ನೀರಿನ ಬಾಟಲಿಗಳ ತಳ್ಳುಗಾಡಿ ದಬ್ಬಿಕೊಂಡು ಹೋದ. ಕಾಗದದ ಹೂವಿನ ಎಸಳು ಅದರ ಚಕ್ರಕ್ಕೆ ಅಂಟಿಕೊಂಡು ಸುತ್ತುತ್ತಿತ್ತು.

ಸಂಜೆ ದೋಣಿ ಇಳಿದು ಮತ್ತೆ ಟ್ಯಾಕ್ಸಿ. ಕೈಯಲ್ಲಿದ್ದ ಪುಸ್ತಕ ನೋಡಿ ಡ್ರೈವರ್ "ಮರಿಯಮಾ ಬಾ!" ಅಂದ. ಸ್ಕೂಲಲ್ಲಿ ಓದಿದ್ದನಂತೆ. ದುಡ್ಡು ಮಾತ್ರ ಒಂದು ಪೈಸೆ ಇಳಿಸಲಿಲ್ಲ.