ಹಗ್ಗಕ್ಕೆ ಎಷ್ಟು ಭಾರ ಬಿಟ್ಟುಕೊಡಬೇಕು

ಶಿರಸಿಯಲ್ಲಿ ನಾನು ಯೋಗ ಕಲಿಸುವ ಹಜಾರಕ್ಕೆ ಹೊಸಬರು ಬಂದಾಗ ಅವರ ಕಣ್ಣು ಮೊದಲು ಹೋಗುವುದು ಗೋಡೆಯ ಕೊಕ್ಕೆಗಳಿಂದ ಇಳಿಬಿಟ್ಟ ಹಗ್ಗಗಳ ಕಡೆಗೆ. ಆಸನ ಬಾರದವರ ಅನುಕೂಲಕ್ಕೆ ಇವನ್ನು ಕಟ್ಟಿರಬೇಕು ಎಂದು ಕೆಲವರು ಭಾವಿಸುತ್ತಾರೆ. ಹರೆಯದವರಿಗೆ ತಲೆಕೆಳಗಾಗಿ ತೂಗುವ ಆಸೆ ಹುಟ್ಟುತ್ತದೆ. ಹಗ್ಗ ಎರಡಕ್ಕೂ ಒದಗುತ್ತದೆ ಎಂಬುದು ನಿಜ. ಆದರೆ ನನ್ನ ಕೆಲಸದಲ್ಲಿ ಅದು ಮುಖ್ಯವಾಗಿ ಪರೀಕ್ಷೆಯ ಸಾಧನ. ದೇಹದ ಭಾರದಲ್ಲಿ ಒಂದು ಪಾಲನ್ನು ಗೋಡೆಗೆ ವಹಿಸಿದ ಕೂಡಲೇ, ಅಷ್ಟು ದಿನ ಯಾವ ಅಂಗ ತನ್ನ ಪಾಲಿನ ಕೆಲಸವನ್ನು ಇನ್ನೊಂದರ ಮೇಲೆ ಹೊರಿಸಿ ಸುಮ್ಮನಿತ್ತು ಎಂಬುದು ಕಲಿಯುವವರಿಗೂ ಕಲಿಸುವವರಿಗೂ ಕಾಣಿಸುತ್ತದೆ. ಎಷ್ಟು ಭಾರವನ್ನು ಬಿಟ್ಟುಕೊಡಬೇಕು, ಅದನ್ನು ಯಾವಾಗ ಮರಳಿ ಪಡೆಯಬೇಕು ಎಂಬ ಅಂದಾಜೇ ಈ ವೃತ್ತಿಯಲ್ಲಿ ನಿಧಾನವಾಗಿ ಕೈಗೆ ಹತ್ತುವ ಸಂಗತಿ.

ಹಗ್ಗ, ಮರದ ಇಟ್ಟಿಗೆ, ಬೆಲ್ಟು, ಕಂಬಳಿ, ಲೋಡು, ಕುರ್ಚಿಗಳನ್ನು ಆಸನಾಭ್ಯಾಸದ ಅಂಗವಾಗಿ ವ್ಯವಸ್ಥಿತವಾಗಿ ರೂಢಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಅವರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಕಾಯಿಲೆಗಳಿಂದ ನರಳಿ, ಮೈಸೂರಿನಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಕಲಿಸಲೆಂದು ಪುಣೆಗೆ ಹೋದವರು. 1975ರಲ್ಲಿ ಅಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ತೆರೆದ ಅವರ ಸಂಸ್ಥೆಯಿಂದ ಈ ಪದ್ಧತಿ ದೇಶವಿದೇಶಗಳಿಗೆ ಹರಡಿತು. ಬಿಗಿದುಕೊಂಡ ಮತ್ತು ದುರ್ಬಲವಾದ ದೇಹ ಹೇಗಿರುತ್ತದೆ ಎಂಬುದನ್ನು ಸ್ವಂತ ಮೈಯಲ್ಲಿ ಕಂಡವರು ರೂಪಿಸಿದ ಸಾಧನಗಳಿವು ಎಂಬುದನ್ನು ಬಳಸುವಾಗಲೆಲ್ಲ ನೆನಪಿಡುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ.

ಹಗ್ಗದ ಕೆಲಸವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಆಸನವೆಂದರೆ ಅಧೋಮುಖ ಶ್ವಾನಾಸನ. ಕೆಳಗಿನ ಎರಡು ಕೊಕ್ಕೆಗಳಿಗೆ ಉದ್ದದ ಹಗ್ಗವನ್ನು ಸಿಕ್ಕಿಸಿ, ಅದರ ಕುಣಿಕೆಯೊಳಗೆ ಗೋಡೆಗೆ ಬೆನ್ನು ಹಾಕಿ ನಿಂತು, ಹಗ್ಗವನ್ನು ತೊಡೆಸಂದಿಗೆ ತಂದುಕೊಂಡು ಮುಂದಕ್ಕೆ ಬಾಗಿ ಅಂಗೈಗಳನ್ನು ನೆಲಕ್ಕೆ ಊರಬೇಕು. ಆಮೇಲೆ ಹಿಮ್ಮಡಿಗಳನ್ನು ಗೋಡೆಯ ಬುಡಕ್ಕೆ ಒತ್ತಿಕೊಳ್ಳಬೇಕು. ಹಗ್ಗ ತೊಡೆಗಳನ್ನು ಹಿಂದಕ್ಕೆಳೆದು ಹಿಡಿದಿರುವುದರಿಂದ ತೋಳುಗಳ ಮೇಲಿನ ಭಾರ ಇಳಿಯುತ್ತದೆ, ಬೆನ್ನು ಉದ್ದವಾಗುತ್ತದೆ, ಕುತ್ತಿಗೆ ತಾನಾಗಿ ಸಡಿಲುತ್ತದೆ. ಹಗ್ಗವಿಲ್ಲದೆ ಕೆಲವೇ ಉಸಿರಿನಲ್ಲಿ ಸೋಲುವವರು ಹೀಗೆ ನಿಮಿಷಗಟ್ಟಲೆ ನಿಲ್ಲಬಲ್ಲರು. ಇಲ್ಲಿ ನಾನು ಮೊದಲು ನೋಡುವುದು ಹಗ್ಗ ಕುಳಿತ ಜಾಗವನ್ನು. ಅದು ನಾಲ್ಕು ಬೆರಳು ಮೇಲೆ ಸರಿದು ಕಿಬ್ಬೊಟ್ಟೆಗೆ ಬಂದರೆ ಉಸಿರು ಕಟ್ಟುತ್ತದೆ. ಕೆಳಗಿಳಿದು ತೊಡೆಯ ನಡುವಿಗೆ ಬಂದರೆ ಸೊಂಟಕ್ಕೆ ಯಾವ ನೆರವೂ ಸಿಗುವುದಿಲ್ಲ. ಸಪೂರ ಮೈಯವರಿಗೆ ಹಗ್ಗ ಒತ್ತಿ ನೋವಾಗುವುದರಿಂದ ನಡುವೆ ಮಡಿಸಿದ ಕಂಬಳಿ ಇಡಬೇಕಾಗುತ್ತದೆ.

ಇಷ್ಟಾದ ಮೇಲೆ ನಿಜವಾದ ಕಲಿಕೆ ಶುರುವಾಗುತ್ತದೆ. ಹಗ್ಗಕ್ಕೆ ಜೋತುಬಿದ್ದವರ ಮಂಡಿಯ ಮೇಲಿನ ಸ್ನಾಯು ಸಾಮಾನ್ಯವಾಗಿ ಸಡಿಲವಾಗಿಯೇ ಇರುತ್ತದೆ. ಕೈಯಿಂದ ಮುಟ್ಟಿದರೆ ಗೊತ್ತಾಗುತ್ತದೆ, ಕಣ್ಣು ಪಳಗಿದ ಮೇಲೆ ದೂರದಿಂದಲೇ ಕಾಣುತ್ತದೆ. ಆಗ ನಾನು ಹೇಳುವುದು ಇಷ್ಟೇ: ತೊಡೆಗಳನ್ನು ನೀವಾಗಿಯೇ ಹಿಂದಕ್ಕೆ ಒಯ್ದು, ಹಗ್ಗವನ್ನು ಒಂದಿಷ್ಟಾದರೂ ಸಡಿಲು ಮಾಡಲು ಪ್ರಯತ್ನಿಸಿ. ಹಗ್ಗ ಪೂರ್ತಿ ಸಡಿಲಾಗದಿದ್ದರೂ, ಆ ಪ್ರಯತ್ನದಲ್ಲಿ ತೊಡೆ ಎಚ್ಚರಗೊಳ್ಳುತ್ತದೆ. ಅದಾದ ಬೆನ್ನಿಗೇ ಹಗ್ಗ ತೆಗೆದು ಹಜಾರದ ನಡುವೆ ಅದೇ ಆಸನವನ್ನು ಮಾಡಿಸುತ್ತೇನೆ. ಈ ಎರಡನೆಯ ಹಂತವನ್ನು ಬಿಟ್ಟರೆ ಹಗ್ಗ ಕೊಟ್ಟದ್ದು ಹಗ್ಗದ ಹತ್ತಿರವೇ ಉಳಿಯುತ್ತದೆ. ತಿಂಗಳುಗಟ್ಟಲೆ ಹಗ್ಗದಲ್ಲಿ ಸೊಗಸಾಗಿ ನಿಂತು, ನೆಲದ ಮೇಲೆ ಮೊದಲಿನಂತೆಯೇ ಬೆನ್ನು ಗೂನು ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ಭಾಗದಲ್ಲಿ ಬೆನ್ನಿನ ತೊಂದರೆ ಹೇಳಿಕೊಂಡು ಬರುವವರಲ್ಲಿ ಅಡಿಕೆ ಸುಲಿಯುವ ಹೆಂಗಸರು ಬಹಳ. ಕೊನೆಕೊಯ್ಲು, ಅಂದರೆ ಅಡಿಕೆಗೊನೆಗಳ ಕೊಯ್ಲು, ಶುರುವಾದರೆ ಮೆಟ್ಟುಗತ್ತಿಯ ಮುಂದೆ ಕುಳಿತು, ತಲೆ ತಗ್ಗಿಸಿ, ಎರಡೂ ಹೆಗಲನ್ನು ಮುಂದಕ್ಕೆ ತಂದು ರಾತ್ರಿಯವರೆಗೂ ಸುಲಿಯುವ ಕೆಲಸವದು. "ಮಾಸ್ತರ್ರೆ, ಸುಲಿಯುವಾಗ ಬೆನ್ನು ಇದ್ದದ್ದೇ ಗೊತ್ತಾಗೂದಿಲ್ಲ, ಏಳಲಿಕ್ಕೆ ಹೋದಾಗ ಗೊತ್ತಾಗ್ತದೆ" ಎಂದು ಅವರಲ್ಲೊಬ್ಬರು ಹೇಳಿದ್ದು ವೈದ್ಯರ ವಿವರಣೆಗಿಂತ ಖಚಿತವಾಗಿತ್ತು. ಇಂಥವರನ್ನು ಮೊದಲ ದಿನವೇ ಮೇಲಿನ ಹಗ್ಗ ಹಿಡಿಸಿ ಎದೆ ಮುಂದೆ ಮಾಡಿ ಹಿಂದಕ್ಕೆ ಬಾಗಿಸಿದರೆ, ಬಿಗಿದ ಮೇಲ್ಬೆನ್ನು ಅಲುಗುವುದೇ ಇಲ್ಲ. ಬಾಗುವುದೆಲ್ಲ ಸೊಂಟದಲ್ಲೇ ಆಗಿ, ಇದ್ದ ನೋವು ಹೆಚ್ಚುತ್ತದೆ. ಆದ್ದರಿಂದ ಅವರಿಗೆ ಗೋಡೆಗೆ ಮುಖ ಮಾಡಿ ಕೆಳಗಿನ ಹಗ್ಗಗಳನ್ನು ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಕಾಲು ಮತ್ತು ಬೆನ್ನು ಲಂಬಕೋನವಾಗುವಷ್ಟು ಮಾತ್ರ ಬಾಗಲು ಹೇಳುತ್ತೇನೆ. ತೋಳುಗಳು ಎಳೆದುಕೊಂಡಾಗ ಹೆಗಲ ಹಲಗೆಗಳ ನಡುವಿನ ಜಾಗ ಮೊದಲ ಬಾರಿಗೆ ಅರಿವಿಗೆ ಬರುತ್ತದೆ. ಕೊನೆಯಲ್ಲಿ ಲೋಡನ್ನು ಅಡ್ಡಲಾಗಿಟ್ಟು, ಅದರ ಮೇಲೆ ಹೆಗಲ ಹಲಗೆಗಳು ಬರುವಂತೆ ಮಲಗಿಸಿ, ತಲೆಯ ಕೆಳಗೆ ಕಂಬಳಿಯ ಮಡಿಕೆ ಕೊಡುತ್ತೇನೆ. ನೋಡುವವರಿಗೆ ಅದು ಬರಿಯ ವಿಶ್ರಾಂತಿಯಂತೆ ಕಂಡರೂ, ಆ ಬೆನ್ನಿಗೆ ದಿನದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ.

ಬಿಗಿದ ಮೈಯವರಿಗಿಂತಲೂ ಹಗ್ಗ, ಇಟ್ಟಿಗೆಯಂಥ ಸಾಧನಗಳು ಹೆಚ್ಚು ಅಗತ್ಯವಿರುವುದು ಬಳುಕುವ ಮೈಯವರಿಗೆ ಎಂದರೆ ಸಹೋದ್ಯೋಗಿಗಳು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ನೃತ್ಯ ಕಲಿತ ಹುಡುಗಿಯರು, ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಸಲೀಸಾಗಿ ಅಂಗೈಯನ್ನು ನೆಲಕ್ಕೆ ತಾಗಿಸುತ್ತಾರೆ, ಆದರೆ ಆ ಹೊತ್ತಿಗೆ ಮುಂಗಾಲಿನ ಮಂಡಿ ಹಿಂದಕ್ಕೆ ಬಾಗಿರುತ್ತದೆ, ಹಿಂಗಾಲಿನ ಹಿಮ್ಮಡಿಯ ಹೊರ ಅಂಚು ನೆಲ ಬಿಟ್ಟಿರುತ್ತದೆ. ಕೈಯ ಕೆಳಗೆ ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿ, ಹಿಂಗಾಲನ್ನು ಗೋಡೆಗೆ ಒತ್ತಲು ಹೇಳಿದರೆ, ಅವರು ಮೊದಲಿಗಿಂತ ಕಡಿಮೆ ಬಾಗುತ್ತಾರೆ ಮತ್ತು ಮೊದಲ ಬಾರಿಗೆ ಬೆವರುತ್ತಾರೆ. ತಮ್ಮನ್ನು ಹಿಂದಿನ ತರಗತಿಗೆ ಇಳಿಸಿದಂತೆ ಅವರಿಗೆ ಬೇಸರವಾಗುವುದೂ ಉಂಟು.

ಹಗ್ಗದ ಶೀರ್ಷಾಸನದ ವಿಷಯದಲ್ಲಿ ನಾನು ಜಿಪುಣ. ಕುಣಿಕೆಯಲ್ಲಿ ಕಂಬಳಿಯಿಟ್ಟು ಅದರ ಮೇಲೆ ಸೊಂಟದ ಹಿಂಬದಿಯ ಭಾರವನ್ನು ಇಳಿಸಿ ತಲೆಕೆಳಗಾದಾಗ ತಲೆ ನೆಲ ಮುಟ್ಟುವುದಿಲ್ಲ, ಹೀಗಾಗಿ ಕುತ್ತಿಗೆಯ ಮೇಲೆ ಒತ್ತಡವಿಲ್ಲ. ಬೆನ್ನೆಲುಬು ತನ್ನದೇ ಭಾರಕ್ಕೆ ಹಿಗ್ಗುತ್ತದೆ. ಅದರ ಸುಖವನ್ನು ಅಲ್ಲಗಳೆಯಲಾಗದು. ಆದರೆ ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮಾ ಅಥವಾ ಅಕ್ಷಿಪಟಲದ ತೊಂದರೆ ಇರುವವರು ಇದನ್ನು ಮಾಡಬಾರದು, ಮತ್ತು ಇಂಥ ತೊಂದರೆಗಳನ್ನು ಜನ ತಾವಾಗಿ ಹೇಳುವುದಿಲ್ಲ. ಕೇಳಲೇಬೇಕು, ಅದೂ ನಾಲ್ಕು ಜನರ ಮುಂದಲ್ಲ, ಪಕ್ಕಕ್ಕೆ ಕರೆದು. ಇಳಿಯುವಾಗ ಅವಸರಿಸಿ ನೇರ ಎದ್ದು ನಿಂತರೆ ತಲೆ ಸುತ್ತುತ್ತದೆ. ಕೆಲಹೊತ್ತು ಮಂಡಿಯೂರಿ ಹಣೆಯನ್ನು ನೆಲಕ್ಕೋ ಲೋಡಿಗೋ ಇಟ್ಟು ಉಸಿರು ಮೊದಲಿನಂತಾದ ಮೇಲೆಯೇ ಏಳಬೇಕು.

ಇಷ್ಟೆಲ್ಲ ಹೇಳಿ ಗೋಡೆಯ ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ನಮ್ಮಲ್ಲಿ ಹಳೆಯ ಕಟ್ಟಡಗಳ ಗೋಡೆ ಚಿರೆಕಲ್ಲಿನದು. ಅದು ರಂಧ್ರಗಳಿರುವ, ಕೊರೆದರೆ ಪುಡಿಯಾಗುವ ಕಲ್ಲು. ಕಾಂಕ್ರೀಟಿಗೆ ಹೊಡೆಯುವ ಹಿಗ್ಗುವ ಬೋಲ್ಟನ್ನು ಅದಕ್ಕೆ ಹಾಕಿದರೆ ಮೊದಮೊದಲು ಗಟ್ಟಿಯೆನಿಸಿದರೂ, ದಿನವೂ ಎಳೆತ ಬಿದ್ದು ತೂತು ಸಡಿಲವಾಗುತ್ತದೆ. ಒಬ್ಬರು ತೂಗಿದಾಗ ಕೊಕ್ಕೆಗೆ ಬೀಳುವ ಎಳೆತ ಅವರು ಸುಮ್ಮನೆ ನೇತಾಡಿದಾಗಿನದಕ್ಕಿಂತ ಹೆಚ್ಚು ಎಂಬುದನ್ನು ಗೌಂಡಿಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕಾಂಕ್ರೀಟಿನ ತೊಲೆ ಇದ್ದಲ್ಲಿ ಕೊಕ್ಕೆಯನ್ನು ಅದಕ್ಕೇ ಹಾಕಿಸುವುದು, ಇಲ್ಲದಿದ್ದರೆ ಬೋಲ್ಟನ್ನು ಗೋಡೆಯ ಆಚೆಬದಿಯವರೆಗೆ ದಾಟಿಸಿ ಅಲ್ಲಿ ಅಗಲವಾದ ಕಬ್ಬಿಣದ ತಗಡು ಕೊಟ್ಟು ಬಿಗಿಸುವುದು ಸುರಕ್ಷಿತ. ಹಗ್ಗ ಹತ್ತಿಯದೇ ಆಗಬೇಕು: ತೆಂಗಿನ ನಾರಿನದು ಚರ್ಮ ಕೆರೆಯುತ್ತದೆ, ನೈಲಾನಿನದು ಬೆವರುಗೈಯಲ್ಲಿ ಜಾರುತ್ತದೆ. ಆದರೆ ಹತ್ತಿ ನಮ್ಮ ಮಳೆಗಾಲವನ್ನು ತಡೆಯುವುದಿಲ್ಲ. ಆಷಾಢದ ಹೊತ್ತಿಗೆ ಹಗ್ಗಕ್ಕೆ ಬೂಷ್ಟು ಹಿಡಿದು, ಒಳಗಿನ ಎಳೆ ಹೊರಗೆ ಕಾಣದಂತೆ ಲಡ್ಡಾಗುತ್ತದೆ. ತರಗತಿಗೆ ಮೊದಲು ಪ್ರತಿ ಹಗ್ಗವನ್ನೂ ಬೆರಳಲ್ಲಿ ತಿರುಚಿ ನೋಡಿ, ನನ್ನ ಪೂರ್ತಿ ಭಾರ ಹಾಕಿ ಎಳೆದು, ಅನುಮಾನ ಬಂದದ್ದನ್ನು ಅಂದೇ ತೆಗೆದುಬಿಡುತ್ತೇನೆ.

ಮನೆಯಲ್ಲೂ ಹಗ್ಗ ಹಾಕಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ತೂಗುವುದನ್ನು ಮಾತ್ರ ಖಂಡಿತವಾಗಿ ಬೇಡವೆನ್ನುತ್ತೇನೆ. ಊಟದ ಮಣೆಯನ್ನು ತ್ರಿಕೋನಾಸನಕ್ಕೆ ಕೈಯ ಕೆಳಗೆ ಇಟ್ಟುಕೊಳ್ಳಬಹುದು, ಹಾಸಿಗೆಯ ಸುರುಳಿ ಲೋಡಿನ ಕೆಲಸ ಮಾಡುತ್ತದೆ, ಶ್ವಾನಾಸನಕ್ಕೆ ಮನೆಯವರೊಬ್ಬರು ಹಿಂದೆ ನಿಂತು ಹಳೆಯ ಪಂಚೆಯನ್ನು ತೊಡೆಸಂದಿಗೆ ಹಾಕಿ ಹಿಂದಕ್ಕೆ ಎಳೆದು ಹಿಡಿದರೆ ಸಾಕು. ಹಿಡಿದವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಬೇಕು: ಬಿಡುವ ಮುಂಚೆ ಕೂಗಿ ಹೇಳಿ, ಆಮೇಲೆ ಬಿಡಿ.