ಕೊಪ್ಪಳದ ಜಾತ್ರೆ, ಊರೂರಿನ ಒಲೆ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೊರಡುವವರು ಮೊದಲು ಪಂಚಾಂಗ ನೋಡಬೇಕು. ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಯ ಸಂಜೆ. 2024ರಲ್ಲಿ ಅದು ಜನವರಿ 27ಕ್ಕೆ ಬಂದಿತ್ತು, 2025ರಲ್ಲಿ ಜನವರಿ 15ಕ್ಕೆ. ಹಿಂದಿನ ವರ್ಷದ ತಾರೀಖು ನಂಬಿ ರೈಲು ಬುಕ್ ಮಾಡಿದರೆ ತೇರು ತಪ್ಪಿತೆಂದೇ ಲೆಕ್ಕ.

ತೇರಿನ ಹೊತ್ತಿಗೆ ಮಠದ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ತೂರಿ ಬರುತ್ತವೆ. ಕನ್ನಡಕದವರು ಹಿಂದೆ ಸರಿದು ನಿಲ್ಲುವುದು ಒಳ್ಳೆಯದು. ಆ ಗದ್ದಲದಲ್ಲಿ ಫೋನು ಹತ್ತುವುದಿಲ್ಲ, ಜೊತೆಗಿದ್ದವರು ಕೈತಪ್ಪಿದರೆ ರಾತ್ರಿಯ ರೈಲೂ ಹೋಯಿತು, ಊಟವೂ ಹೋಯಿತು. ‘ತೇರಿನ ಹತ್ತಿರ ಸಿಗೋಣ’ ಎನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಬಯಲಿಗೆ ಇಳಿಯುವ ಮೊದಲೇ ಒಂದು ಅಂಗಡಿಯನ್ನೋ ಕಮಾನನ್ನೋ ಗೊತ್ತುಮಾಡಿಕೊಳ್ಳಿ.

ಆದರೆ ಈ ಜಾತ್ರೆಯಲ್ಲಿ ಬೆರಗಾಗಿಸುವುದು ತೇರಲ್ಲ, ದಾಸೋಹ. ಅಮಾವಾಸ್ಯೆಯವರೆಗೂ ನಡೆಯುವ ಊಟ ಅದು. ಅನ್ನ, ಸಾರು, ಪಲ್ಯ ಅಲ್ಲೇ ಕೊಪ್ಪರಿಗೆಗಳಲ್ಲಿ ಬೇಯುತ್ತವೆ. ರೊಟ್ಟಿ ಮತ್ತು ಮಾದಲಿ ಎಂಬ ಸಿಹಿ ಪುಡಿ ಮಾತ್ರ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬರುತ್ತವೆ, ಭಜನೆ, ಡೊಳ್ಳುಗಳ ಜೊತೆಗೆ. ದಾಸೋಹದ ಅಡುಗೆಮನೆ ಮಠದಲ್ಲಿದೆ ಎಂದುಕೊಂಡು ಹೋದರೆ, ಅದರ ಅರ್ಧ ಊರೂರಿನ ಪಡಸಾಲೆಗಳಲ್ಲಿದೆ!

ಇದು ಸಾಧ್ಯವಾಗುವುದು ಖಡಕ್ ರೊಟ್ಟಿಯಿಂದ. ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟು ಇಲ್ಲ, ಅದನ್ನು ಕೂಡಿಸುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಗಂಜಿ ಬೆಂದು ಜಿಗುಟಾಗುತ್ತದೆ. ಸ್ವಲ್ಪ ಆರಿದ ಮೇಲೆ ಅಂಗೈಯಿಂದ ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ ಬಡಿಯುತ್ತಾರೆ. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಇಲ್ಲವಾದರೆ ಹಿಟ್ಟು ಹಾಗೇ ಉಳಿದು ಸೀಳು ಬಿಡುತ್ತದೆ. ಎರಡೂ ಬದಿ ಬೆಂದ ಮೇಲೆ ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ತೇವ ಪೂರ್ತಿ ತೆಗೆಯುತ್ತಾರೆ.

ಕೊಪ್ಪಳದ ಪಕ್ಕದ ಒಂದು ಹಳ್ಳಿಯಲ್ಲಿ ಜಾತ್ರೆಗೆಂದು ರೊಟ್ಟಿ ಬಡಿಯುತ್ತಿದ್ದ ಹಿರಿಯಾಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಯವ್ವಾ, ಇಷ್ಟು ದಿನ ಹೆಂಗ ಇರ್ತಾವ?’

‘ಬಿಸೀದು ಒಂದರ ಮ್ಯಾಲ ಒಂದು ಒಟ್ಟಬಾರದಪಾ. ಬೆವತು ಬೂಷ್ಟು ಹಿಡೀತಾವ. ಅರಿವಿ ಮ್ಯಾಲ ಬಿಡಿಬಿಡಿ ಹರವಿ, ಪೂರಾ ಆರಿಂದ ಒಟ್ಟಬೇಕು.’

‘ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ರ?’

‘ಅದ್ರಾಗೂ ಬೆವರ್ತಾವ. ಬುಟ್ಟಿ ಇಲ್ಲಾ ಅರಿವಿ ಗಂಟೇ ಛಲೋ. ಮತ್ತ ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ಅಂಚು ಒಡೀತಾವ.’

ಮಾತಾಡುತ್ತಲೇ ಒಂದು ರೊಟ್ಟಿ ಎತ್ತಿ ಬೆರಳಿನಿಂದ ತಟ್ಟಿದರು. ಟಣಕ್ ಎಂದರೆ ಒಣಗಿದೆ. ದನಿ ಮೆತ್ತಗಿದ್ದರೆ ಮತ್ತೆ ಒಲೆಯ ಬದಿಗೆ. ಈ ಸೀಮೆಯ ಚಳಿಗಾಲದ ಒಣಗಾಳಿಯೂ ಕೆಲಸಕ್ಕೆ ಬರುತ್ತದೆ. ಇದೇ ಜಾತ್ರೆ ಶ್ರಾವಣದಲ್ಲಿದ್ದಿದ್ದರೆ ಇಷ್ಟು ರೊಟ್ಟಿ ಕಾಪಾಡುವುದು ಕಷ್ಟವಿತ್ತು.

ಮಾದಲಿಯ ಲೆಕ್ಕವೂ ಅದೇ. ಗೋಧಿ, ಕಡಲೆಬೇಳೆ, ಸ್ವಲ್ಪ ಅಕ್ಕಿ ಹುರಿದು ತರಿಯಾಗಿ ಬೀಸಿ, ಬೆಲ್ಲದ ಪುಡಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಕೂಡಿಸುತ್ತಾರೆ. ಗೋಧಿ ಹಿಟ್ಟಿನ ದಪ್ಪ ಚಪಾತಿ ಬೇಯಿಸಿ ಕುಟ್ಟಿ ಮಾಡುವವರೂ ಇದ್ದಾರೆ. ನೀರು ಸೋಕಿಸದ ಹುರಿದ ಮಾದಲಿಯೇ ಹೆಚ್ಚು ಬಾಳುತ್ತದೆ, ರುಚಿಯಲ್ಲೂ ಅದೇ ಮೇಲು. ಬಿಸಿ ಹಾಲು, ತುಪ್ಪ ಹಾಕಿಕೊಂಡು ತಿನ್ನುವುದು ಮನೆಯ ಪದ್ಧತಿ; ಪಂಕ್ತಿಯಲ್ಲಿ ಹಾಗೇ ಮುಕ್ಕಬೇಕು.

ಚಳಿಗಾಲದ ಹಬ್ಬಕ್ಕೆ ಮುಂಚೆಯೇ ಮಾಡಿಡುವ ಅಡುಗೆ ಬೇರೆ ದೇಶಗಳಲ್ಲೂ ಉಂಟು. ಜರ್ಮನಿಯವರು ಕ್ರಿಸ್‌ಮಸ್ಸಿನ ಸ್ಟೋಲನ್ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಪುಡಿ ಮೆತ್ತಿ ವಾರಗಟ್ಟಲೆ ಇಡುತ್ತಾರೆ. ಜಪಾನಿನವರು ಹೊಸವರ್ಷದ ಮೊದಲ ದಿನಗಳಲ್ಲಿ ಒಲೆಗೆ ಬಿಡುವು ಕೊಡಲು ಒಸೆಚಿ ಎಂಬ ತಿನಿಸುಗಳನ್ನು ಡಬ್ಬಿಗಳಲ್ಲಿ ಜೋಡಿಸಿಡುತ್ತಾರೆ. ಎರಡೂ ಮನೆಮಂದಿಯ, ನೆಂಟರಿಷ್ಟರ ಲೆಕ್ಕದಲ್ಲಿ ಮಾಡುವಂಥವು. ಗುರುತೇ ಇಲ್ಲದವರಿಗಾಗಿ ಮನೆಮನೆಯಲ್ಲಿ ಹೀಗೆ ಒಣಗಿಸಿಡುವುದನ್ನು ನೋಡಬೇಕಾದರೆ ಕೊಪ್ಪಳಕ್ಕೇ ಬರಬೇಕು.

ದಾಸೋಹದಲ್ಲಿ ಬಿಸಿಬಿಸಿ ಸಿಗುವ ಇನ್ನೊಂದು ತಿನಿಸು ಮಿರ್ಚಿ. ಇದನ್ನು ಊರಿಂದ ಹೊತ್ತು ತರಲಾಗದು, ಮೆತ್ತಗಾಗುತ್ತದೆ. ಅಲ್ಲೇ ದೊಡ್ಡ ಕಡಾಯಿಗಳಲ್ಲಿ ಬಾಣಸಿಗರು ಸಾಲಾಗಿ ನಿಂತು ಕರಿಯುತ್ತಾರೆ. ಮೆಣಸಿನಕಾಯಿಯಲ್ಲಿ ನೀರಿನ ಪಸೆ ಉಳಿದರೆ ಕಡಲೆಹಿಟ್ಟು ಜಾರಿಬಿಡುತ್ತದೆ, ಹಿಟ್ಟು ನೀರಾದರೆ ಎಣ್ಣೆ ಕುಡಿಯುತ್ತದೆ. ಮಿರ್ಚಿ ದಿನವೂ ಇರುವುದಿಲ್ಲ. ಯಾವತ್ತು ಎಂದು ಊರಿನವರನ್ನು ಕೇಳಿಕೊಂಡು, ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ ಪಂಕ್ತಿಗೆ ಕೂತುಬಿಡಿ.

ಉಂಡ ಮೇಲೆ ಗುಡ್ಡ ಹತ್ತಲು ತ್ರಾಣವಿದ್ದರೆ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಜಾತ್ರೆಗೆ ಬಂದ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ, ಹೀಗಾಗಿ ಅಲ್ಲಿ ಕೂರಲು ಜಾಗ ಸಿಗುತ್ತದೆ.